ಯಾವುದು ಯಾವುದನ್ನು ಮುಟ್ಟಿದೆ?

ಪ್ರೋಟೀನು ವಿಜ್ಞಾನವನ್ನು ಓದಿಗೆ ಆರಿಸಿಕೊಂಡಿರುವ ಮಗಳಿಗೆ,

ಅಮೈನೊ ಆಮ್ಲಗಳ ಸಾಲೊಂದನ್ನು ಕಂಪ್ಯೂಟರಿಗೆ ಕೊಟ್ಟರೆ ಪ್ರೋಟೀನಿನ ಆಕಾರ ಕೈಗೆ ಸಿಗುವ ಕಾಲದಲ್ಲಿ ನೀನು ಓದಲು ಬಂದಿದ್ದೀಯೆ. ಕೇಂಬ್ರಿಜ್‌ನ ಜಾನ್ ಕೆಂಡ್ರ್ಯೂ ತಂಡ 1958ರಲ್ಲಿ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಒರಟು ರೂಪವನ್ನು ಮೊದಲ ಬಾರಿ ಕಂಡದ್ದು ದಶಕಕ್ಕೂ ಮಿಕ್ಕ ದುಡಿಮೆಯ ನಂತರ. ನಿನಗೆ ಸಿಗುವ ಚಿತ್ರ ಸುಂದರವಾಗಿರುತ್ತದೆ: ಸುರುಳಿ, ಪಟ್ಟಿ, ಬಾಣದ ಗುರುತು, ಒಂದೊಂದಕ್ಕೂ ಒಂದೊಂದು ಬಣ್ಣ. ಆದರೆ ಅದು ತೋರಿಸುವುದು ಸರಪಳಿಯ ಬೆನ್ನೆಲುಬನ್ನು ಮಾತ್ರ. ಆ ಸರಪಳಿ ಹಾಗೆಯೇ ಮಡಚಿಕೊಂಡು ಏಕೆ ನಿಂತಿದೆ ಎಂಬುದಕ್ಕೆ ಉತ್ತರ ಅಲ್ಲಿಲ್ಲ. ಯಾವ ಅಮೈನೊ ಆಮ್ಲ ಯಾವುದನ್ನು, ಎಷ್ಟು ಹತ್ತಿರದಿಂದ, ಯಾವ ಪರಮಾಣುವಿನ ಮೂಲಕ ಮುಟ್ಟಿದೆ ಎಂದು ಹುಡುಕುವ ರೂಢಿಯನ್ನು ಈಗಿನಿಂದಲೇ ಮಾಡಿಕೋ ಎಂದು ಹೇಳುವುದಕ್ಕೇ ಈ ಪತ್ರ.

ಹೂವಾಡಗಿತ್ತಿ ಒಂದು ಮಾರು ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಾಗ, ದಾರದಲ್ಲಿ ಮೊಳ ದೂರವಿದ್ದ ಹೂಗಳು ಎಲೆಯೊಳಗೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಪ್ರೋಟೀನಿನಲ್ಲೂ ಸಾಲಿನಲ್ಲಿ ದೂರವಿದ್ದವು ಮಡಿಕೆಯಲ್ಲಿ ನೆರೆಯವರಾಗುತ್ತವೆ. ಹಸುವಿನ ಮೇದೋಜೀರಕ ಗ್ರಂಥಿಯಲ್ಲಿ ಸಿಗುವ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ 124 ಅಮೈನೊ ಆಮ್ಲಗಳಿವೆ. ಅದರಲ್ಲಿ 26ನೆಯ ಸಿಸ್ಟೀನ್ 84ನೆಯದರ ಜೊತೆಗೂ 40ನೆಯದು 95ನೆಯದರ ಜೊತೆಗೂ ಗಂಧಕದ ಬಂಧ ಬೆಸೆದುಕೊಂಡಿವೆ. ಇಂಥ ಇನ್ನೂ ಎರಡು ಜೋಡಿಗಳಿವೆ. ಎಂಟು ಸಿಸ್ಟೀನುಗಳು ಜೋಡಿಯಾಗಲು 105 ದಾರಿಗಳುಂಟು. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಈ ಬಂಧಗಳನ್ನೆಲ್ಲ ಕಡಿದು, ಯೂರಿಯಾ ದ್ರಾವಣದಲ್ಲಿ ಕಿಣ್ವವನ್ನು ಪೂರ್ತಿ ಬಿಚ್ಚಿ, ಬಳಿಕ ಯೂರಿಯಾ ತೆಗೆದು ಗಾಳಿಗೆ ಒಡ್ಡಿದರು. 105ರಲ್ಲಿ ಸರಿಯಾದ ಆ ಒಂದೇ ಜೋಡಣೆ ಮರಳಿ ಬಂತು. ಯೂರಿಯಾ ಇರುವಾಗಲೇ ಬಂಧ ಕೂಡಲು ಬಿಟ್ಟರೆ ಜೋಡಿಗಳು ಕಲಸಿಹೋಗಿ ಕಿಣ್ವದ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತಿತ್ತು. ಗಟ್ಟಿಯಾದ ಗಂಧಕದ ಬಂಧ ಇಲ್ಲಿ ತೀರ್ಮಾನ ಮಾಡುವುದಿಲ್ಲ ಎಂಬುದನ್ನು ಗಮನಿಸು. ನೀರೊಲ್ಲದ ಗುಂಪುಗಳು ಒಳಗೆ ಸೇರಿಕೊಳ್ಳುವುದು, ಹೈಡ್ರೋಜನ್ ಬಂಧ, ಧನ ಮತ್ತು ಋಣ ಆವೇಶಗಳ ಸೆಳೆತ, ಇಂಥ ನೂರಾರು ದುರ್ಬಲ ಸ್ಪರ್ಶಗಳು ಕೂಡಿಯೇ ಸರಿಯಾದ ಸಿಸ್ಟೀನುಗಳನ್ನು ಎದುರುಬದುರು ತಂದು ನಿಲ್ಲಿಸುತ್ತವೆ. 1972ರ ನೊಬೆಲ್ ಪ್ರಶಸ್ತಿ ಆನ್‌ಫಿನ್ಸನ್ ಅವರಿಗೆ ಸಂದದ್ದು ಈ ಕೆಲಸಕ್ಕೆ.

ಹತ್ತಿರ ಎಂದರೆ ಎಷ್ಟು ಹತ್ತಿರ? ಈ ಪ್ರಶ್ನೆಯ ಉತ್ತರದಲ್ಲಿ ನಮ್ಮವರ ಪಾಲು ದೊಡ್ಡದು, ಅದನ್ನು ನೀನು ವಿವರವಾಗಿ ತಿಳಿದಿರಬೇಕು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತ ಜಿ.ಎನ್. ರಾಮಚಂದ್ರನ್, ಮದರಾಸು ವಿಶ್ವವಿದ್ಯಾಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲಾಜೆನ್ ಮೇಲೆ ಕೆಲಸ ಮಾಡಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಪ್ರೋಟೀನು ಅದು. ಮೂರು ಸರಪಳಿಗಳು ಹಗ್ಗದ ಹುರಿಯಂತೆ ಹೆಣೆದುಕೊಂಡಿವೆ ಎಂದು 1954 ಮತ್ತು 1955ರಲ್ಲಿ ಅವರು ಪ್ರಕಟಿಸಿದರು. ಪ್ರತಿ ಮೂರನೆಯ ಸ್ಥಾನದಲ್ಲೂ ಗ್ಲೈಸೀನ್ ಇರುವುದೇಕೆ ಎಂಬುದಕ್ಕೆ ಈ ಮಾದರಿಯಲ್ಲಿ ಉತ್ತರವಿತ್ತು: ಹುರಿಯ ನಡುವೆ ಒಂದು ಹೈಡ್ರೋಜನ್ ಪರಮಾಣುವಿಗಿಂತ ದೊಡ್ಡದಕ್ಕೆ ಜಾಗವೇ ಇಲ್ಲ, ಗ್ಲೈಸೀನಿನ ಪಕ್ಕದ ಗುಂಪು ಹೈಡ್ರೋಜನ್ ಒಂದೇ. ಆ ಗ್ಲೈಸೀನಿನ ಜಾಗಕ್ಕೆ ಬೇರೆ ಅಮೈನೊ ಆಮ್ಲ ಬಂದರೆ ಏನಾಗುತ್ತದೆಂಬುದನ್ನು ಹುಟ್ಟಿನಿಂದಲೇ ಮೂಳೆ ಮುರಿಯುವ ಕಾಯಿಲೆಯಿರುವ ಮಕ್ಕಳಲ್ಲಿ ವೈದ್ಯರು ನೋಡುತ್ತಾರೆ.

ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಈ ಮಾದರಿಗೆ ಆಕ್ಷೇಪ ಎತ್ತಿದರು. ಬಂಧವಿಲ್ಲದ ಕೆಲವು ಪರಮಾಣುಗಳು ಇದರಲ್ಲಿ ಸಲ್ಲದಷ್ಟು ಹತ್ತಿರ ಬಂದಿವೆ ಎಂಬುದು ಅವರ ತಕರಾರು. ರಾಮಚಂದ್ರನ್ ಮಾತಿಗೆ ಮಾತು ಬೆಳೆಸಲಿಲ್ಲ. ಅಲ್ಲಿಯವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ಕೂಡಿಹಾಕಿ, ಬಂಧವಿಲ್ಲದ ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರುತ್ತವೆಂದು ಅಳೆದರು. ಇಂಗಾಲ ಮತ್ತು ಇಂಗಾಲದ ನಡುವೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ತೀರಾ ಒತ್ತಿದರೆ 3.0, ಹೈಡ್ರೋಜನ್ ಮತ್ತು ಹೈಡ್ರೋಜನ್ ನಡುವೆ 2.0, ಒತ್ತಿದರೆ 1.9. ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗವೇ ಒಂದು ಆಂಗ್‌ಸ್ಟ್ರಾಮ್. ಇಷ್ಟನ್ನು ಹಿಡಿದುಕೊಂಡು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ, ಬೆನ್ನೆಲುಬಿನ ಎರಡು ತಿರುವುಗಳನ್ನು ಹಂತಹಂತವಾಗಿ ತಿರುಗಿಸುತ್ತ, ಎಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಎಲ್ಲಿ ಇಲ್ಲ ಎಂದು ಲೆಕ್ಕ ಹಾಕಿದರು. 1963ರಲ್ಲಿ ಅಚ್ಚಾದ ಆ ನಕ್ಷೆಗೆ ಈಗ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ಜಗತ್ತಿನ ಯಾವ ಪ್ರಯೋಗಾಲಯದಿಂದ ಹೊಸ ಪ್ರೋಟೀನು ರಚನೆ ಬಂದರೂ ಈ ನಕ್ಷೆಯ ಪರೀಕ್ಷೆ ದಾಟಬೇಕು. ಆಕ್ಷೇಪ ಬಂದಾಗ ಅಳತೆಗೆ ಇಳಿಯುವ ಈ ಗುಣವನ್ನು ಅವರಿಂದ ಕಲಿಯಬೇಕು, ಮಗಳೇ.

ಅವರು 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಅಲ್ಲಿಯೇ ಮುಂದೆ ಸರಸ್ವತಿ ವಿಶ್ವೇಶ್ವರ ಮತ್ತು ಅವರ ವಿದ್ಯಾರ್ಥಿಗಳು ಪ್ರೋಟೀನನ್ನು ಒಂದು ಜಾಲವಾಗಿ ನೋಡಿದರು: ಪ್ರತಿ ಅಮೈನೊ ಆಮ್ಲ ಒಂದು ಬಿಂದು, ಎರಡರ ಪಕ್ಕದ ಗುಂಪುಗಳು ಮುಟ್ಟಿಕೊಂಡಿದ್ದರೆ ನಡುವೆ ಒಂದು ಗೆರೆ. ಗೆರೆಗೆ ಬಲವೂ ಉಂಟು. 4.5 ಆಂಗ್‌ಸ್ಟ್ರಾಮ್ ಒಳಗೆ ಎಷ್ಟು ಪರಮಾಣು ಜೋಡಿಗಳಿವೆ ಎಂದು ಎಣಿಸಿ, ಅಮೈನೊ ಆಮ್ಲದ ಗಾತ್ರಕ್ಕೆ ತಕ್ಕಂತೆ ಸರಿದೂಗಿಸಿ ಆ ಬಲವನ್ನು ಕಟ್ಟುತ್ತಾರೆ.

ಇನ್ನೊಂದು ಅಳತೆ ನಿನಗೆ ಹೆಚ್ಚು ಎದುರಾಗುತ್ತದೆ: ಎರಡು ಅಮೈನೊ ಆಮ್ಲಗಳ ಬೀಟಾ ಇಂಗಾಲಗಳು, ಅಂದರೆ ಪಕ್ಕದ ಗುಂಪುಗಳ ಮೊದಲ ಇಂಗಾಲಗಳು, 8 ಆಂಗ್‌ಸ್ಟ್ರಾಮ್ ಒಳಗಿದ್ದರೆ ಅವು ಸ್ಪರ್ಶದಲ್ಲಿವೆ ಎಂದು ಎಣಿಸುವುದು. ಲೆಕ್ಕಕ್ಕೆ ಇದು ಅನುಕೂಲ, ಆದರೆ 8 ಎಂಬುದು ಪ್ರಕೃತಿ ಹಾಕಿದ ಗೆರೆಯಲ್ಲ. ಆ ದೂರದೊಳಗೇ ಇದ್ದರೂ ಎರಡು ಗುಂಪುಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿರಬಹುದು. ಉದ್ದನೆಯ ಲೈಸೀನ್ ಮತ್ತು ಗ್ಲುಟಾಮಿಕ್ ಆಮ್ಲ ಇನ್ನಷ್ಟು ದೂರದಿಂದಲೇ ಕೈಚಾಚಿ ಆವೇಶಗಳನ್ನು ಬೆಸೆದುಕೊಳ್ಳಬಹುದು. ಆದ್ದರಿಂದ ಪಟ್ಟಿಯಲ್ಲಿ ಕಂಡ ಪ್ರತಿ ಜೋಡಿಯನ್ನೂ ಪರದೆಯ ಮೇಲೆ ತೆರೆದು, ಪರಮಾಣು ಪರಮಾಣುವಾಗಿ ನೋಡು.

ಅಭ್ಯಾಸಕ್ಕೆ ಯೂಬಿಕ್ವಿಟಿನ್‌ಗಿಂತ ಒಳ್ಳೆಯ ಪ್ರೋಟೀನು ಸಿಗಲಾರದು. 76 ಅಮೈನೊ ಆಮ್ಲಗಳು, ಅಷ್ಟೇ. ಅಡ್ಡಕ್ಕೂ ಉದ್ದಕ್ಕೂ 1ರಿಂದ 76ರವರೆಗೆ ಬರೆದು, ಹತ್ತಿರವಿರುವ ಪ್ರತಿ ಜೋಡಿಗೂ ಒಂದು ಚುಕ್ಕಿ ಇಟ್ಟರೆ ಸ್ಪರ್ಶ ನಕ್ಷೆ ಸಿದ್ಧ. 23ರಿಂದ 34ರವರೆಗಿನ ಸುರುಳಿ ಕರ್ಣರೇಖೆಗೆ ಅಂಟಿಕೊಂಡ ದಪ್ಪ ಪಟ್ಟಿಯಾಗಿ ಕಾಣುತ್ತದೆ, ಏಕೆಂದರೆ ಸುರುಳಿಯಲ್ಲಿ ಪ್ರತಿ ಅಮೈನೊ ಆಮ್ಲವೂ ತನ್ನಿಂದ ನಾಲ್ಕನೆಯದನ್ನು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತದೆ. ಸರಪಳಿ ನೀಳವಾಗಿ ಚಾಚಿಕೊಂಡ ಭಾಗಗಳೇ ಎಳೆಗಳು; ಮೊದಲ ಎರಡು ಎಳೆಗಳು ಎದುರುಮುಖವಾಗಿರುವುದರಿಂದ ಅವುಗಳ ಗುರುತು ಕರ್ಣಕ್ಕೆ ಅಡ್ಡಲಾಗಿ ಬರುತ್ತದೆ. ಮೊದಲ ಎಳೆ ಮತ್ತು ಕೊನೆಯ ಎಳೆ ಒಂದೇ ದಿಕ್ಕಿನಲ್ಲಿ ಪಕ್ಕಪಕ್ಕ ಮಲಗಿವೆ. ಹಾಗಾಗಿ ಕರ್ಣದಿಂದ ಬಹುದೂರದ ಮೂಲೆಯಲ್ಲಿ, ಅದಕ್ಕೆ ಸಮಾನಾಂತರವಾಗಿ ಒಂದು ಗೆರೆ ಮೂಡುತ್ತದೆ. 8ನೆಯ ಲ್ಯೂಸೀನ್, 44ನೆಯ ಐಸೊಲ್ಯೂಸೀನ್, 70ನೆಯ ವ್ಯಾಲೀನ್ ಸಾಲಿನಲ್ಲಿ ಎಲ್ಲೆಲ್ಲೋ ಇದ್ದರೂ ಮೇಲ್ಮೈಯಲ್ಲಿ ಒಂದೆಡೆ ಕೂಡಿ ನೀರೊಲ್ಲದ ಒಂದು ತೇಪೆಯಾಗಿವೆ. ಇತರ ಪ್ರೋಟೀನುಗಳು ಯೂಬಿಕ್ವಿಟಿನ್ನನ್ನು ಗುರುತಿಸಿ ಹಿಡಿಯುವುದು ಬಹುಪಾಲು ಈ ತೇಪೆಯಲ್ಲೇ.

ಸಾಲಿನಿಂದ ಆಕಾರವನ್ನು ಊಹಿಸಿಕೊಡುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಹುಟ್ಟಿದ ದಾರಿಯೂ ಈ ನಕ್ಷೆಯ ಮೇಲೆಯೇ ಹಾದುಬಂದಿದೆ. ಮುಟ್ಟಿಕೊಂಡಿರುವ ಎರಡು ಸ್ಥಾನಗಳಲ್ಲಿ ಒಂದು ವಿಕಾಸದ ಹಾದಿಯಲ್ಲಿ ಬದಲಾದರೆ ಇನ್ನೊಂದೂ ಅದಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಸಾವಿರಾರು ಜೀವಿಗಳ ಅದೇ ಪ್ರೋಟೀನನ್ನು ಹೋಲಿಸಿದರೆ ಆ ಜೊತೆಬದಲಾವಣೆ ಕಾಣುತ್ತದೆ ಎಂಬ ವಿಚಾರ 1994ರಷ್ಟು ಹಳೆಯದು. ತೊಡಕೆಂದರೆ, ಒಂದು ಎರಡನ್ನು, ಎರಡು ಮೂರನ್ನು ಮುಟ್ಟಿದ್ದರೆ ಒಂದಕ್ಕೂ ಮೂರಕ್ಕೂ ಸಂಬಂಧವಿದ್ದಂತೆ ಲೆಕ್ಕ ತೋರಿಸುತ್ತದೆ. ನೇರ ಸ್ಪರ್ಶವನ್ನು ಇಂಥ ಸುತ್ತುಬಳಸಿನ ಸಂಬಂಧದಿಂದ ಬೇರ್ಪಡಿಸುವ ಗಣಿತ 2009ರಿಂದ 2011ರ ನಡುವೆ ಗಟ್ಟಿಯಾಯಿತು. ಆಮೇಲೆ ಯಂತ್ರಕಲಿಕೆ ಆ ಅಡಿಪಾಯದ ಮೇಲೆ ಎದ್ದು ನಿಂತಿತು. 2024ರ ರಸಾಯನವಿಜ್ಞಾನ ನೊಬೆಲ್‌ನ ಅರ್ಧ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಇನ್ನರ್ಧ ಪ್ರೋಟೀನು ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ ಬಂತು.

ಇಷ್ಟೆಲ್ಲ ಇದ್ದೂ ಚಿತ್ರವೊಂದನ್ನೇ ನಂಬಬೇಡ ಎನ್ನುವುದಕ್ಕೆ ಬಲವಾದ ಕಾರಣವಿದೆ. ಸಿಕಲ್ ಸೆಲ್ ಕಾಯಿಲೆಯನ್ನೇ ನೋಡು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಿದೆ, ಬದಲಾದದ್ದು ಅದೊಂದೇ ಎಂದು ವರ್ನನ್ ಇಂಗ್ರಾಮ್ 1957ರ ವೇಳೆಗೆ ತೋರಿಸಿದರು. ಆ ಸ್ಥಾನ ಇರುವುದು ಅಣುವಿನ ಹೊರಮೈಯಲ್ಲಿ. ಒಂದೇ ಅಣುವನ್ನು ನೋಡಿದರೆ ಅದರೊಳಗಿನ ಯಾವ ಸ್ಪರ್ಶವೂ ಕೆಟ್ಟಂತೆ ಕಾಣದು, ಮಡಿಕೆ ಹಾಗೆಯೇ ಇರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಪಕ್ಕದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 85ನೆಯ ಫಿನೈಲ್ ಅಲನೀನ್ ಮತ್ತು 88ನೆಯ ಲ್ಯೂಸೀನ್ ನಡುವಿನ ಕುಳಿಗೆ ಈ ವ್ಯಾಲೀನ್ ಹೋಗಿ ಕೂರುತ್ತದೆ. ಅಣುಗಳು ಒಂದಕ್ಕೊಂದು ಹೀಗೆ ಕೊಂಡಿ ಹಾಕಿಕೊಂಡು ಉದ್ದನೆಯ ನಾರುಗಳಾಗುತ್ತವೆ, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ನೀಲಗಿರಿಯ ಆದಿವಾಸಿಗಳಲ್ಲಿ ಈ ಲಕ್ಷಣವನ್ನು 1952ರಲ್ಲೇ ಗುರುತಿಸಿದ್ದರು. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಕಾಡಂಚಿನ ಹಾಡಿಗಳಲ್ಲೂ ಈ ಕಾಯಿಲೆಯ ನೋವು ಉಣ್ಣುವ ಮನೆಗಳಿವೆ. ಇಲ್ಲಿ ಪ್ರೋಟೀನಿನ ಆಕಾರ ಕೆಡಲಿಲ್ಲ, ಅಲ್ಲಿ ಇರಬಾರದ ಒಂದು ಹೊಸ ಸ್ಪರ್ಶ ಹುಟ್ಟಿತು.

ಆಲ್ಫಾಫೋಲ್ಡ್ ದತ್ತಕೋಶದ ಒಂಟಿ ಸರಪಳಿಯ ಮಾದರಿಗಳಲ್ಲಿ ನೆರೆಯ ಅಣು, ನೀರು, ಕಬ್ಬಿಣ ಹೊತ್ತ ಹೀಮ್ ಗುಂಪು ಇರುವುದಿಲ್ಲ. ಮಯೋಗ್ಲೋಬಿನ್ನಿನ 93ನೆಯ ಹಿಸ್ಟಿಡೀನ್ ನಿಜದಲ್ಲಿ ಹೀಮ್‌ನ ಕಬ್ಬಿಣವನ್ನು ಹಿಡಿದಿದೆ. ಆ ಮಾದರಿಯಲ್ಲಿ ಅದು ಖಾಲಿ ಗೂಡಿನತ್ತ ಮುಖ ಮಾಡಿ ನಿಂತಿರುತ್ತದೆ. ಅಂಥ ಖಾಲಿ ಗೂಡು ಕಂಡಾಗ ಅಲ್ಲಿ ಯಾರು ಇರಬೇಕಿತ್ತು ಎಂದು ಕೇಳಬೇಕು.

ಪ್ರೋಟೀನು ರಚನೆಗಳ ಜಾಗತಿಕ ಭಂಡಾರ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಯೂಬಿಕ್ವಿಟಿನ್‌ನ ಕಡತದ ಹೆಸರು 1ಯುಬಿಕ್ಯು. ಈ ರಜೆಯಲ್ಲಿ ಅದನ್ನು ಇಳಿಸಿಕೊಂಡು, ಸಿದ್ಧ ತಂತ್ರಾಂಶಕ್ಕೆ ಕೈಹಾಕದೆ, ದೂರಗಳನ್ನು ನೀನೇ ಲೆಕ್ಕ ಹಾಕಿ ನಕ್ಷೆ ಬರೆ. 8 ಆಂಗ್‌ಸ್ಟ್ರಾಮ್ ಬದಲು 6 ಇಟ್ಟರೆ ಯಾವ ಚುಕ್ಕಿಗಳು ಅಳಿಸಿಹೋಗುತ್ತವೆ, 10 ಇಟ್ಟರೆ ಯಾವುವು ಹೊಸದಾಗಿ ಬರುತ್ತವೆ ನೋಡಿ, ಕಂಡದ್ದನ್ನು ಬರೆದು ಕಳುಹಿಸು.