ಮುದ್ರೆಯ ಕಾವಲು

ಬೀದರ್ ನಗರದಲ್ಲಿ 1472ರಲ್ಲಿ ಕಟ್ಟಿದ ಒಂದು ಮದರಸವು ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಿದವನು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಮಹಮೂದ್ ಗವಾನ್. ಅವನ ಏಳಿಗೆಯನ್ನು ಸಹಿಸದ ಕೆಲವು ಸರದಾರರು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನ ಸ್ನೇಹವನ್ನು ಸಂಪಾದಿಸಿದರು. ಚರಿತ್ರೆಕಾರರು ಹೇಳುವಂತೆ, ಮದ್ಯದ ಅಮಲಿನಲ್ಲಿದ್ದ ಆ ಸೇವಕನು ಅವರು ಮಡಚಿ ಕೊಟ್ಟ ಕಾಗದವನ್ನು ಬಿಚ್ಚಿ ನೋಡದೆಯೇ ಮುದ್ರೆಯನ್ನೊತ್ತಿದನು. ಅದು ಖಾಲಿ ಕಾಗದವಾಗಿತ್ತು. ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸದ ಅರಸನನ್ನು ಕರೆಯುವ ಪತ್ರವೊಂದನ್ನು ವೈರಿಗಳು ಅದರಲ್ಲಿ ಬರೆದು, ಸುಲ್ತಾನ ಮೂರನೆಯ ಮುಹಮ್ಮದನ ಮುಂದಿಟ್ಟರು. ಮುದ್ರೆ ತನ್ನದು, ಪತ್ರ ತನ್ನದಲ್ಲವೆಂದು ಗವಾನನು ಹೇಳಿದರೂ ಪ್ರಯೋಜನವಾಗಲಿಲ್ಲ. 1481ರಲ್ಲಿ ಅವನಿಗೆ ಮರಣದಂಡನೆಯಾಯಿತು.

ಮುದ್ರೆಯು ನಿಜವಾದುದೇ ಆಗಿತ್ತು. ಅದನ್ನು ಕಾಯುವವನು ಎಚ್ಚರದಿಂದಿರಲಿಲ್ಲ.

ಇಂದು ಗಣಕಯಂತ್ರದ ಲೋಕದಲ್ಲಿ ಪಾಸ್‌ವರ್ಡ್ ಎಂಬ ಗುಪ್ತಪದವೇ ನಮ್ಮ ಮುದ್ರೆ. ಔರಾದಿನ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ವಿದ್ಯಾರ್ಥಿವೇತನದ ಅರ್ಜಿಗೆ ಒಂದು ಗುಪ್ತಪದ, ಮಿಂಚಂಚೆಗೆ ಇನ್ನೊಂದು, ಭಾಲ್ಕಿಯ ಬ್ಯಾಂಕಿನಲ್ಲಿರುವ ತಾಯಿಯ ಖಾತೆಗೆ ಮತ್ತೊಂದು ಬೇಕು. ಎಲ್ಲಕ್ಕೂ ಒಂದನ್ನೇ ಇಟ್ಟುಕೊಂಡರೆ, ಒಂದು ಕಡೆ ಕಳವಾದೊಡನೆ ಎಲ್ಲ ಬಾಗಿಲುಗಳೂ ತೆರೆದಂತಾಗುತ್ತದೆ. ಬೇರೆ ಬೇರೆ ಇಟ್ಟುಕೊಂಡರೆ ನೆನಪಿನಲ್ಲಿ ಉಳಿಯುವುದಿಲ್ಲ. ಆದುದರಿಂದ ಅವುಗಳನ್ನು ಕಾಯಲು ಪಾಸ್‌ವರ್ಡ್ ಮ್ಯಾನೇಜರ್ ಎಂಬ ಸಾಧನವನ್ನು ರಚಿಸಿದ್ದಾರೆ. ಬ್ರೌಸರಿಗೆ ಜೋಡಿಸಬಹುದಾದ ಚಿಕ್ಕ ಪ್ರೋಗ್ರಾಮಿನ ರೂಪದಲ್ಲಿ ಇದು ದೊರೆಯುತ್ತದೆ. ಇಂತಹ ಪ್ರೋಗ್ರಾಮಿಗೆ ಎಕ್ಸ್‌ಟೆನ್ಷನ್ ಎಂದು ಹೆಸರು.

ಇದರ ರಚನೆಯಲ್ಲಿ ಎರಡು ಮುಖ್ಯ ಅಂಗಗಳಿವೆ. ಮೊದಲನೆಯದು ಭಂಡಾರ. ಬಳಸುವವರು ಒಂದೇ ಒಂದು ದೊಡ್ಡ ಗುಪ್ತಪದವನ್ನು ನೆನಪಿಡಬೇಕು. ಪ್ರೋಗ್ರಾಮು ಅದನ್ನು ಲಕ್ಷಾಂತರ ಬಾರಿ ಗಣಿತಕ್ರಿಯೆಗೆ ಒಳಪಡಿಸಿ ಒಂದು ಕೀಲಿಯನ್ನು ಪಡೆಯುತ್ತದೆ. ಕಳ್ಳನು ಊಹಿಸುವ ಪ್ರತಿಯೊಂದು ಪದಕ್ಕೂ ಇಷ್ಟೇ ಶ್ರಮ ಬೇಕಾಗುವುದರಿಂದ ಅವನ ಕೆಲಸ ಬಹಳ ನಿಧಾನವಾಗುತ್ತದೆ. ಆ ಕೀಲಿಯಿಂದ ಉಳಿದ ಗುಪ್ತಪದಗಳೆಲ್ಲ ಗೂಢಲಿಪಿಗೆ ಮಾರ್ಪಡುತ್ತವೆ. ದೊಡ್ಡ ಗುಪ್ತಪದವನ್ನು ಮಾತ್ರ ಎಲ್ಲಿಯೂ ಬರೆದಿಡುವುದಿಲ್ಲ.

ಎರಡನೆಯ ಅಂಗವು ಕಾವಲುಗಾರ. ಯಾವುದಾದರೊಂದು ಜಾಲತಾಣವು ಗುಪ್ತಪದವನ್ನು ಕೇಳಿದಾಗ, ಅದು ಆ ತಾಣದ ವಿಳಾಸವನ್ನು ತನ್ನಲ್ಲಿರುವ ವಿಳಾಸದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಬ್ಯಾಂಕಿನ ತಾಣದಂತೆಯೇ ತೋರುವ ನಕಲಿ ತಾಣವು ನಮ್ಮ ಕಣ್ಣನ್ನು ವಂಚಿಸಬಹುದು. ಆದರೆ ವಿಳಾಸದಲ್ಲಿ ಒಂದೇ ಅಕ್ಷರ ಬೇರೆಯಾದರೂ ಈ ಕಾವಲುಗಾರನು ಮುದ್ರೆಯನ್ನೊತ್ತುವುದಿಲ್ಲ.

ಹೀಗೆ ಕಟ್ಟಿದ ಸಾಧನವನ್ನು ಪರೀಕ್ಷಿಸದೆ ನಂಬುವುದು ಅವಿವೇಕ. ಸರಿಯಾದ ಗುಪ್ತಪದಕ್ಕೆ ಭಂಡಾರ ತೆರೆಯುವುದೇ ಎಂದು ನೋಡುವುದು ಅರ್ಧ ಪರೀಕ್ಷೆ ಮಾತ್ರ. ತೆರೆಯಬಾರದಾಗ ತೆರೆಯದೆ ಉಳಿಯುವುದೇ ಎಂದು ನೋಡುವುದು ಉಳಿದರ್ಧ. ಆದುದರಿಂದ ಕಟ್ಟಿದವರೇ ವೈರಿಯಂತೆ ಯೋಚಿಸಬೇಕು. ಒಂದಕ್ಷರ ತಪ್ಪಿದ ಗುಪ್ತಪದವನ್ನು ಕೊಡಬೇಕು. ಭಂಡಾರದ ಬರಹದಲ್ಲಿ ಒಂದು ಅಂಕಿಯನ್ನು ಬದಲಿಸಬೇಕು. ತಾವೇ ಒಂದು ನಕಲಿ ಪುಟವನ್ನು ಮಾಡಿ ಗುಪ್ತಪದವನ್ನು ಬೇಡಬೇಕು. ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಭಂಡಾರವು ತಾನಾಗಿ ಮುಚ್ಚಿಕೊಳ್ಳುವುದೇ ಎಂದು ಗಮನಿಸಬೇಕು. ಇಂತಹ ಪರೀಕ್ಷೆಗಳಿಗೆ ನಿಜವಾದ ಗುಪ್ತಪದಗಳನ್ನು ಎಂದಿಗೂ ಬಳಸಬಾರದು.

ಸಾಧನದ ರಚನೆಯನ್ನು ಮುಚ್ಚಿಡಬೇಕಾಗಿಲ್ಲ. ವಿಧಾನವು ವೈರಿಗೆ ತಿಳಿದಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ರಕ್ಷಣೆ ಉಳಿಯಬೇಕೆಂಬ ತತ್ತ್ವವನ್ನು ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸನು 1883ರಲ್ಲಿಯೇ ಪ್ರತಿಪಾದಿಸಿದನು. ರಚನೆಯನ್ನು ಹಲವರು ಪರಿಶೀಲಿಸಿದಷ್ಟೂ ದೋಷಗಳು ಬೇಗ ಬೆಳಕಿಗೆ ಬರುತ್ತವೆ.

ಆದರೂ ಒಂದು ಅಪಾಯ ಉಳಿಯುತ್ತದೆ. ಕಾವಲುಗಾರನು ಗುಪ್ತಪದವನ್ನು ತುಂಬದೆ ಸುಮ್ಮನಿದ್ದಾಗ, ನಾವು ಬೇಸತ್ತು ನಮ್ಮ ಕೈಯಿಂದಲೇ ಅದನ್ನು ಬರೆದುಬಿಡಬಹುದು. ಆಗ ಯಾವ ಸಾಧನವೂ ನಮ್ಮನ್ನು ರಕ್ಷಿಸಲಾರದು. ಅದು ಸುಮ್ಮನಿದ್ದರೆ ನಾವು ನಿಂತು, ವಿಳಾಸವನ್ನು ಓದಿ, ವಿಚಾರಿಸಬೇಕು.

ವಿಚಾರಿಸದೆ ತೀರ್ಪಿತ್ತ ಸುಲ್ತಾನನು ಬಳಿಕ ಪಶ್ಚಾತ್ತಾಪಪಟ್ಟನು. 1482ರಲ್ಲಿ ತಾನೂ ತೀರಿಕೊಂಡನು. ಮುಂದೆ ಆ ರಾಜ್ಯವೇ ಐದು ಹೋಳಾಯಿತು. ಕಾಗದವನ್ನು ಬಿಚ್ಚಿ ನೋಡಲು ಆ ಸೇವಕನಿಗೆ ಒಂದು ಕ್ಷಣ ಸಾಕಾಗಿತ್ತು. ಆ ಒಂದು ಕ್ಷಣದ ಎಚ್ಚರ ನಮ್ಮಲ್ಲಿರಲಿ.