ಹದಿಮೂರನೆಯ ಶಾಸನ

ಮಹಾನವಮಿಯಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ, ಮರುದಿನ ವಿಜಯದಶಮಿ. ಆಯುಧ ಹಿಡಿದುದೇ ತಪ್ಪಾಯಿತೆಂದು ಗೆದ್ದ ಅರಸನೇ ನುಡಿದ ನಿದರ್ಶನ ಚರಿತ್ರೆಯಲ್ಲಿ ಬಹು ವಿರಳ. ಆ ವಿರಳರಲ್ಲಿ ಅಗ್ರಗಣ್ಯನಾದ ಅಶೋಕನ ಕುರುಹುಗಳು ಘಾಜಿಯಾಬಾದಿನ ಕನ್ನಡಿಗರಿಗೆ ಎರಡು ದಿಕ್ಕಿನಿಂದಲೂ ಸಮೀಪವಾಗಿವೆ. 1976ರವರೆಗೆ ಘಾಜಿಯಾಬಾದು ಯಾವ ಜಿಲ್ಲೆಗೆ ಸೇರಿತ್ತೋ ಆ ಮೀರತ್ತಿನಿಂದಲೇ ಫಿರೋಜ್ ಷಾ ತುಘಲಕನು ಅಶೋಕನ ಕಂಬವೊಂದನ್ನು ದೆಹಲಿಗೆ ತರಿಸಿದನು. ಅದು ಇಂದಿಗೂ ಅಲ್ಲಿಯ ದಿಬ್ಬದ ಮೇಲೆ ನಿಂತಿದೆ. ಇತ್ತ ತವರಿನಲ್ಲಿ, ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ಅನೇಕ ಮನೆತನಗಳ ಕುಲದೇವತೆಯಾದ ಚಂದ್ರಲಾಂಬೆಯ ಸನ್ನಿಧಿಯಲ್ಲಿದ್ದ ಕಾಳಿಯ ಗುಡಿಯ ಮಾಡು 1980ರ ದಶಕದಲ್ಲಿ ಕುಸಿಯಿತು. ಆಗ ದೇವಿಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿದುಬಂದಿತು.

ಕ್ರಿಸ್ತಪೂರ್ವ 261ರ ಸುಮಾರಿಗೆ, ಪಟ್ಟಾಭಿಷಿಕ್ತನಾದ ಎಂಟು ವರ್ಷಗಳ ಬಳಿಕ, ಅಶೋಕನು ಕಳಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಾಲು ಜನ ಬೇರೆ ರೀತಿಯಲ್ಲಿ ಮಡಿದರು. ಈ ಲೆಕ್ಕ ಶತ್ರುಗಳು ಬರೆದುದಲ್ಲ. ಗೆದ್ದವನೇ ತನ್ನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಕೊರೆಸಿದುದು. ತನ್ನ ಮನಸ್ಸಿಗೆ ಆದ ಪಶ್ಚಾತ್ತಾಪವನ್ನೂ ಅವನು ಅಲ್ಲಿಯೇ ಹೇಳಿಕೊಂಡಿದ್ದಾನೆ. ಡೆಹ್ರಾಡೂನಿನ ಬಳಿಯ ಕಾಲ್ಸಿಯಲ್ಲಿ, ಗಿರ್ನಾರಿನಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಈ ಶಾಸನವಿದೆ. ದೂರದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿಯೂ ಇದರ ಒಂದು ಭಾಗ ದೊರೆತಿದೆ.

ಆದರೆ ಸ್ವತಃ ಕಳಿಂಗದಲ್ಲಿ? ಧೌಲಿ ಮತ್ತು ಜೌಗಡಗಳ ಬಂಡೆಗಳ ಮೇಲೆ ಇತರ ಶಾಸನಗಳಿವೆ. ಹನ್ನೊಂದು, ಹನ್ನೆರಡು, ಹದಿಮೂರು ಇಲ್ಲ. ಅವುಗಳಿಗೆ ಬದಲಾಗಿ ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿಯ ಚಪ್ಪಡಿಯ ಒಂದು ಮುಖದಲ್ಲಿ ಹನ್ನೆರಡು ಮತ್ತು ಹದಿನಾಲ್ಕು, ನಡುವಿನದು ಇಲ್ಲ. ಇನ್ನೊಂದು ಮುಖದಲ್ಲಿ ಅದೇ ಪ್ರತ್ಯೇಕ ಶಾಸನಗಳು. ಮೀರತ್ತಿನ ಕಂಬದಲ್ಲಿಯೂ ಯುದ್ಧದ ಮಾತಿಲ್ಲ. ಅದರಂತೆಯೇ ಫಿರೋಜ್ ಷಾನಿಂದ ದೆಹಲಿಗೆ ಬಂದ ತೋಪ್ರಾದ ಕಂಬದಲ್ಲಿ ಅರಸನು ನೆಟ್ಟ ಮರಗಳನ್ನೂ ತೋಡಿಸಿದ ಬಾವಿಗಳನ್ನೂ ಬಿಡದೆ ತನ್ನ ಆಳ್ವಿಕೆಯ ಸತ್ಕಾರ್ಯಗಳನ್ನು ಎಣಿಸಿದ್ದಾನೆ. ಆ ಎಣಿಕೆಯಲ್ಲಿ ಕಳಿಂಗ ಸೇರಿಲ್ಲ.

ನೊಂದವರ ಗಾಯವನ್ನು ಕೆದಕಬಾರದೆಂಬ ದಾಕ್ಷಿಣ್ಯದಿಂದ ಹೀಗೆ ಮಾಡಿದನೆಂದು ಹೇಳಬಹುದು. ಆದರೆ ಇನ್ನೊಂದು ಕಾರಣವೂ ತೋರುತ್ತದೆ. ಮೂರನೆಯವರ ಮುಂದೆ ತಪ್ಪೊಪ್ಪಿಕೊಂಡರೆ ಅದು ಗುಣವೆನಿಸುತ್ತದೆ. ನೊಂದವರ ಮುಂದೆ ಒಪ್ಪಿಕೊಂಡರೆ ಋಣವಾಗುತ್ತದೆ. ಹಾಗಾದರೆ ಒಯ್ದವರನ್ನು ಹಿಂದಕ್ಕೆ ಕಳುಹಿಸು, ರಾಜ್ಯವನ್ನು ಮರಳಿಸು ಎಂಬ ಮಾತು ಮರುಕ್ಷಣವೇ ಬರುತ್ತದೆ. ಆ ಒಂದೂವರೆ ಲಕ್ಷ ಜನ ಊರಿಗೆ ಮರಳಿದರೆಂದು ಯಾವ ಶಾಸನವೂ ಹೇಳುವುದಿಲ್ಲ. ಪಶ್ಚಾತ್ತಾಪದ ಆ ಶಾಸನದಲ್ಲಿಯೇ ಕಾಡಿನ ಜನರಿಗೆ, ದೊರೆ ಮರುಗಿದ್ದಾನೆಂದ ಮಾತ್ರಕ್ಕೆ ಅವನ ಬಲ ಉಡುಗಿಲ್ಲವೆಂಬ ಎಚ್ಚರಿಕೆಯೂ ಇದೆ!

ಋಣ ಶತ್ರುವಿಗೆ ಮಾತ್ರವಲ್ಲ, ತನ್ನವರಿಗೂ ಉಂಟು. ಮಹಾಭಾರತದಲ್ಲಿ ಧೃತರಾಷ್ಟ್ರನು ಎಲ್ಲವನ್ನೂ ದೈವದ ಮೇಲೆ ಹೊರಿಸಿದಾಗ ಸಂಜಯನು ಅವನ ತಪ್ಪನ್ನು ಮುಖದ ಮುಂದೆಯೇ ಆಡುತ್ತಾನೆ. ಶಾಂತಿಪರ್ವದ ಆರಂಭದಲ್ಲಿ ಚಿತ್ರ ತಿರುವುಮುರುವಾಗುತ್ತದೆ. ಕರ್ಣನು ಅಣ್ಣನೆಂದರಿತ ಧರ್ಮರಾಯನು ಬಂಧುವಧೆಯ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತು ಕಾಡಿಗೆ ಹೊರಡುತ್ತಾನೆ. ಆಗ ಅವನನ್ನು ತಡೆಯುವವರು ತಮ್ಮಂದಿರು, ದ್ರೌಪದಿ, ಋಷಿಗಳು. ಅರಸನ ಯುದ್ಧ ತಪ್ಪೆಂದಾದರೆ ಅವನ ಮಾತಿಗೆ ಶರ ಹೂಡಿದವರ ಗತಿಯೇನು, ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಉತ್ತರವೇನು? ಒಬ್ಬನ ಒಪ್ಪಿಗೆಗೆ ಇಡೀ ಆಸ್ಥಾನವೇ ಅಡ್ಡಬರುವುದು ಹೀಗೆ.

ಹತ್ತಿರದ ಕಾಲದಲ್ಲಿಯೂ ಇದೇ ಕಥೆ. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲಿ ಸಿದ್ಧವಾಯಿತು. ಬರೆಸಿದವರು ಹೋಗಿ ಬೇರೆ ಬೇರೆ ಪಕ್ಷಗಳು ಅಧಿಕಾರಕ್ಕೆ ಬಂದರೂ ಅದು ದಶಕಗಳ ಕಾಲ ಬೀಗದೊಳಗೇ ಉಳಿಯಿತು. 2014ರಲ್ಲಿ ಒಂದು ಭಾಗ ಹೊರಬಿದ್ದುದು ವಿದೇಶೀ ಪತ್ರಕರ್ತನೊಬ್ಬನ ಕೈಯಿಂದ. 1961ರಿಂದ 1968ರವರೆಗೆ ಅಮೆರಿಕದ ರಕ್ಷಣಾ ಸಚಿವರಾಗಿದ್ದ ರಾಬರ್ಟ್ ಮೆಕ್‌ನಮಾರ ವಿಯೆಟ್ನಾಂ ಯುದ್ಧದ ವಿಷಯದಲ್ಲಿ ತಾವು ತಪ್ಪಿದೆವೆಂದು ಗ್ರಂಥವಾಗಿ ಪ್ರಕಟಿಸಿದ್ದು 1995ರಲ್ಲಿ. ಇರಾಕ್ ಯುದ್ಧದ ವಿಚಾರಣಾ ವರದಿ 2016ರಲ್ಲಿ ಹೊರಬಂದಾಗ ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅತೀವ ದುಃಖವನ್ನು ವ್ಯಕ್ತಪಡಿಸಿದರು. ಸದ್ದಾಮನನ್ನು ಕೆಳಗಿಳಿಸಿದ ನಿರ್ಣಯವನ್ನು ಮಾತ್ರ ಸಮರ್ಥಿಸಿಕೊಂಡರು. ದುಃಖಕ್ಕೆ ನಾಲಗೆ ಹೊರಳುತ್ತದೆ, ನಿರ್ಣಯದ ವಿಷಯಕ್ಕೆ ಹೊರಳದು.

ಅಶೋಕನಿಗೆ ಅನ್ಯಾಯವಾಗದಂತೆ ಒಂದು ಮಾತು ಹೇಳಬೇಕು. ಪ್ರತ್ಯೇಕ ಶಾಸನಗಳು ಬರಿಯ ಮರೆಮಾಚುವಿಕೆಯಲ್ಲ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಅವನು ಅಲ್ಲಿ ಸಾರಿದ್ದಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ತನ್ನ ಮಹಾಮಾತ್ರರಿಗೆ ಕಟ್ಟಪ್ಪಣೆ ಮಾಡಿದ್ದಾನೆ. ಮಾತಿನಲ್ಲಿ ಒಪ್ಪದ ಋಣವನ್ನು ಆಡಳಿತದಲ್ಲಿ ತೀರಿಸಲು ಹೊರಟನೆಂದು ತಿಳಿಯಬಹುದು. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನಗಳಲ್ಲಿ ಈ ಶಾಸನವನ್ನು ಜನರಿಗೆ ಓದಿ ಹೇಳಬೇಕೆಂಬ ವಿಧಿಯೂ ಉಂಟು. ಹಾಗೆ ಧೌಲಿಯ ಬಂಡೆಯ ಬಳಿ ಓದಿದಾಗ ಕೇಳಿದವರಲ್ಲಿ ಕಳಿಂಗದ ವಿಧವೆಯರೂ ಅನಾಥರೂ ಇದ್ದಿರಲೇಬೇಕು. ದೊರೆ ತಮಗೆ ತಂದೆಯಂತೆ ಎಂಬುದನ್ನು ಅವರು ಕೇಳಿದರು. ಮಡಿದವರ ಲೆಕ್ಕವನ್ನು ಮಾತ್ರ ಅಲ್ಲಿ ಯಾರೂ ಓದಲಿಲ್ಲ.