ಮನೆಯವರು ಕೂಡಿ ಓದತಕ್ಕ ಪೌರನೀತಿಯ ಪಾಠ



ನಮ್ಮ ಮಕ್ಕಳು ಶಾಲೆಯಿಂದ ತರುವ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಪೌರನೀತಿ ಎಂಬದೊಂದು ಭಾಗವುಂಟು. ಪಂಚಾಯತಿ ಅಂದರೇನು, ಸಂವಿಧಾನ ಅಂದರೇನು, ಮತ ಅಂದರೇನು ಎಂಬದು ಅದರಲ್ಲಿ ಸುಲಭವಾದ ಮಾತಿನಿಂದ ಬರೆಯಲ್ಪಟ್ಟಿದೆ. ಹುಡುಗರು ಅದನ್ನು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡುವರು. ಹಿರಿಯರು ಅದು ಹುಡುಗರದೆಂದು ಮುಟ್ಟುವದಿಲ್ಲ. ಆದರೆ ಮತ ಹಾಕುವವರು ಹಿರಿಯರೇ ಅಲ್ಲವೇ? ಆದಕಾರಣ ವಾರಕ್ಕೆ ಒಂದು ಸಂಜೆ, ಊಟವಾದ ಮೇಲೆ, ಮನೆಯವರೆಲ್ಲರೂ ಕೂಡಿ ಇದನ್ನು ಓದುವದು ಒಳ್ಳೇದು.

1. ಓದುವ ಕ್ರಮ

ಮಗುವು ಗಟ್ಟಿಯಾಗಿ ಓದಲಿ. ಅಕ್ಷರ ಬಾರದ ಅಜ್ಜಿಯೂ ಕೇಳುವಂತೆ ನಿಲ್ಲಿಸಿ ನಿಲ್ಲಿಸಿ ಓದಲಿ. ಹಿರಿಯರು ಪ್ರತಿಯೊಂದು ಮಾತಿಗೆ ಊರೊಳಗಿನ ಒಂದು ವಸ್ತುವನ್ನು ತೋರಿಸಬೇಕು. ಕುಡಿಯುವ ನೀರು ಪಂಚಾಯತಿಯ ಕೆಲಸವೆಂದು ಪುಸ್ತಕದಲ್ಲಿದ್ದರೆ, ನಮ್ಮ ಕೆರೆಯ ಹೂಳು ತೆಗೆಯಬೇಕೆಂದು ಯಾರಿಗೆ ಹೇಳತಕ್ಕದ್ದು ಎಂದು ಕೇಳಿರಿ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಕೆರೆಯ ನೀರನ್ನೇ ನೆಚ್ಚಿ ಬಾಳಿದ ಹಳ್ಳಿಗಳವರಿಗೆ ಈ ಪ್ರಶ್ನೆಯ ಭಾರವು ತಿಳಿದೇ ಇದೆ.

ಕರ್ನಾಟಕದಲ್ಲಿ 1993ರ ಕಾಯಿದೆಯ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯನಂತೆ ಗ್ರಾಮ ಪಂಚಾಯತಿಗೆ ಆರಿಸಲ್ಪಡುತ್ತಾರೆ. ಆ ಸ್ಥಾನಗಳಲ್ಲಿ ಅರ್ಧ ಸ್ತ್ರೀಯರಿಗೆ ಮೀಸಲು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕು; ಮಕ್ಕಳ ಮಾತನ್ನು ಕೇಳುವದಕ್ಕೆ ಮಕ್ಕಳ ಗ್ರಾಮಸಭೆಯೂ ಉಂಟು. ಬೇರೆ ಪುಸ್ತಕಗಳು ಬೇಕಾದರೆ ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಿರಿ. ಈಗ ಅದಕ್ಕೆ ಅರಿವು ಕೇಂದ್ರವೆಂದು ಹೆಸರು. 2020ರಿಂದ ಅಲ್ಲಿ 6ರಿಂದ 18 ವರುಷದ ಮಕ್ಕಳಿಗೆ ಸದಸ್ಯತ್ವವು ಉಚಿತ.

2. ಹೆಸರಿನ ಪಾಠ

ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಮತವು ಎಲ್ಲರಿಗೂ ಇರಲಿಲ್ಲ. ಭೂಮಿಯುಳ್ಳವನಿಗೆ, ತೆರಿಗೆ ಕೊಡುವವನಿಗೆ, ಓದು ಕಲಿತವನಿಗೆ ಇತ್ತು. ಕೂಲಿಯವರಲ್ಲಿ ಬಹು ಮಂದಿಗೆ ಇರಲಿಲ್ಲ. 1950 ಜನವರಿ 26ರಂದು ಸಂವಿಧಾನವು ಜಾರಿಗೆ ಬಂದ ಮೇಲೆ 21 ವರುಷ ತುಂಬಿದ ಎಲ್ಲರಿಗೂ ಅದು ದೊರೆಯಿತು. 1989ರಿಂದ 18 ವರುಷ ತುಂಬಿದರೆ ಸಾಕು.

1951–52ರ ಮೊದಲನೆಯ ಮಹಾಚುನಾವಣೆಗೆ ಹೆಸರು ಬರೆಯುವವರು ಮನೆ ಮನೆಗೆ ಹೋದಾಗ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಬಹು ಮಂದಿ ಸ್ತ್ರೀಯರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಅಂಥ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಬಿಟ್ಟುಹೋದರು. ಹೆಸರಿಲ್ಲದವಳಿಗೆ ಮತವಿಲ್ಲ. ಆದದರಿಂದ ಮಗುವು ಮತದಾರರ ಪಟ್ಟಿಯನ್ನು ತಂದು ತಾಯಿಯ ಹೆಸರು, ಅಜ್ಜಿಯ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ಓದಲಿ. ತಪ್ಪಿದ್ದರೆ ತಿದ್ದಿಸಿರಿ. ಹೊಸದಾಗಿ ಸೇರಿಸುವದಕ್ಕೆ 6ನೆಯ ನಮೂನೆಯ ಅರ್ಜಿ ಬೇಕು; 17 ವರುಷ ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು.

3. ಗುಟ್ಟಿನ ಪಾಠ

ಮತವು ಗುಪ್ತವೆಂದು ಪುಸ್ತಕವು ಹೇಳುತ್ತದೆ. ಮಗುವು ಅದನ್ನು ಓದುತ್ತಿರುವಾಗಲೇ ಮನೆಯ ಯಜಮಾನನು, "ಈ ಸಾರಿ ಎಲ್ಲಾರೂ ಇಂಥವನಿಗೇ ಹಾಕ್ರಿ" ಎಂದು ಅಪ್ಪಣೆ ಕೊಟ್ಟರೆ ಆ ಪಾಠದ ಗತಿಯೇನು? ಮಕ್ಕಳು ಪುಸ್ತಕಕ್ಕಿಂತ ಮನೆಯನ್ನು ಹೆಚ್ಚು ಓದುತ್ತಾರೆ. ಮತಗಟ್ಟೆಯಲ್ಲಿ ಮರೆ ಕಟ್ಟಿರುವದು ಊರ ಗೌಡನಿಂದ ಕಾಯುವದಕ್ಕೆ ಮಾತ್ರವಲ್ಲ. ಗಂಡನಿಂದಲೂ ಅತ್ತೆಯಿಂದಲೂ ಅಣ್ಣನಿಂದಲೂ ಕಾಯುವದಕ್ಕೆ. ಸೊಸೆಯ ಮತವು ಸೊಸೆಯದು. ಯಾರಿಗೆ ಹಾಕಿದಿ ಎಂದು ಅವಳನ್ನು ಕೇಳದಿರುವದೇ ಮನೆಯವರು ಮಗುವಿಗೆ ಕಲಿಸತಕ್ಕ ಮುಖ್ಯ ಪಾಠವು. ವಿಚಾರವನ್ನು ಎಲ್ಲರೂ ಕೂಡಿ ಮಾಡಿರಿ. ನಿರ್ಣಯವನ್ನು ಒಬ್ಬೊಬ್ಬರಿಗೆ ಬಿಡಿರಿ.

4. ಬೆಲೆಯ ಪಾಠ

ಹಣ, ಸೀರೆ, ಸೆರೆ ಇವುಗಳಿಂದ ಮತವನ್ನು ಕೊಳ್ಳುವದೂ ಮಾರುವದೂ ಎರಡೂ ಅಪರಾಧ. 2020ರ ಪಂಚಾಯತಿ ಚುನಾವಣೆಯ ಕಾಲದಲ್ಲಿ ನಮ್ಮ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯನ ಸ್ಥಾನವನ್ನೇ ಹರಾಜು ಹಾಕಿದರು. ಬಂದ ಹಣ ಗುಡಿಗೆ ಹೋಗಲಿ, ಕೆರೆಗೆ ಹೋಗಲಿ, ಅಲ್ಲಿ ಬಡವನ ಮತವು ಹಾಕುವದಕ್ಕೆ ಮುಂಚೆಯೇ ಹೋಯಿತು. ಕೊಂಡವನು ಐದು ವರುಷ ತನ್ನ ಹಣವನ್ನು ಹುಡುಕುವನಲ್ಲದೆ ನಿಮ್ಮ ನಲ್ಲಿಯನ್ನು ನೋಡುವನೇ?

5. ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(1) ನಮ್ಮ ವಾರ್ಡಿನ ಸದಸ್ಯರು ಯಾರು? ಅವರಲ್ಲಿ ಸ್ತ್ರೀಯರೆಷ್ಟು ಮಂದಿ? ಸಭೆಯಲ್ಲಿ ಆ ಸ್ತ್ರೀಯೇ ಮಾತಾಡುತ್ತಾಳೋ, ಅವಳ ಗಂಡನೋ?

(2) ನವಲಗುಂದ, ಕುಂದಗೋಳ, ಕಲಘಟಗಿ ಈ ಮೂರು ವಿಧಾನಸಭಾ ಕ್ಷೇತ್ರಗಳು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ನಮ್ಮ ಊರು ಯಾವದರಲ್ಲಿದೆ?

(3) ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿಯು ಮೈಸೂರಿನಲ್ಲಿ ತಯಾರಾಗುವದು. ಅದು ಬೇಗನೆ ಅಳಿಸಬಾರದೇಕೆ?

(4) ಹೋದ ಗ್ರಾಮಸಭೆಗೆ ನಮ್ಮ ಮನೆಯಿಂದ ಯಾರು ಹೋಗಿದ್ದರು? ಯಾರೂ ಹೋಗದಿದ್ದರೆ, ಬರುವ ಸಭೆಗೆ ಯಾರು ಹೋಗುವರು?

ಕೊನೆಯ ಪ್ರಶ್ನೆಗೆ ಉತ್ತರವನ್ನು ಬಾಯಿಂದ ಹೇಳಿದರೆ ಸಾಲದು. ಹೋಗುವವರ ಹೆಸರನ್ನು ಮಗುವು ತನ್ನ ಪಾಟಿಯ ಮೇಲೆ ಬರೆದಿಡಲಿ.